ಬೇಡದ ನಾಳೆ

ಸ್ಟಾಫ್ ರೂಮಿನ ಗೋಡೆಗೆ ದೊಡ್ಡ ಟಿವಿ ತಗುಲಿಹಾಕಿದ ದಿನ, “ಇನ್ನು ಊಟದ ಹೊತ್ತಿಗೆ ಮ್ಯಾಚ್ ನೋಡಬಹುದು” ಎಂದು ಎಲ್ಲರಿಗಿಂತ ಮೊದಲು ಖುಷಿಪಟ್ಟವರು ಲೆಕ್ಕದ ಮೇಷ್ಟ್ರು. ಅದರಲ್ಲಿ ಬಂದದ್ದು ಮ್ಯಾಚ್ ಅಲ್ಲ, ಅವರೇ. ಎಡಗಡೆ ಟೀಚರುಗಳ ಹೆಸರು, ಬಲಗಡೆ ಅವರವರ ತರಗತಿಯ ಸರಾಸರಿ ಅಂಕ. ಎಪ್ಪತ್ತೈದು ದಾಟಿದರೆ ಹಸಿರು, ಅರವತ್ತು ದಾಟಿದರೆ ಹಳದಿ, ಅದಕ್ಕೂ ಕೆಳಗಾದರೆ ಕೆಂಪು. ಮಕ್ಕಳು ಪ್ರತಿ ಶನಿವಾರ ಕಂಪ್ಯೂಟರಿನ ಮುಂದೆ ಕೂತು ಪರೀಕ್ಷೆ ಕೊಡುವುದು, ಸೋಮವಾರ ಬೆಳಿಗ್ಗೆ ದೊಡ್ಡವರ ಬಣ್ಣ ಬದಲಾಗುವುದು. ಹೀಗೆ ಮೂರು ವರ್ಷ ಕಳೆದಿತ್ತು. ಟಿವಿಯ ಎದುರಿನ ಕುರ್ಚಿಗಳನ್ನು ಒಬ್ಬೊಬ್ಬರೇ ಗೋಡೆಯ ಕಡೆಗೆ ತಿರುಗಿಸಿಕೊಂಡಿದ್ದರು.

ರಸಾಯನಶಾಸ್ತ್ರದ ಟೀಚರ್ ಹಳದಿಯಲ್ಲಿದ್ದರು. ಎಪ್ಪತ್ತೊಂದು. ಅವರಿಗೆ ಮಕ್ಕಳಿಟ್ಟ ಹೆಸರು ದಶಾಂಶ. ಅಳತೆ ಬರೆದು ತಂದ ಹುಡುಗಿಗೆ “ಹನ್ನೆರಡು ಅಂದ್ರೆ? ಹನ್ನೆರಡು ಪಾಯಿಂಟ್ ಎಷ್ಟು?” ಎಂದು ಕೇಳದೆ ಬಿಟ್ಟ ದಿನವಿರಲಿಲ್ಲ. ಹದಿನೆಂಟು ವರ್ಷದಿಂದ ಅದೇ ಶಾಲೆ, ಅದೇ ಲ್ಯಾಬು, ಜೊತೆಗೆ ಅದೇ ಲ್ಯಾಬಣ್ಣ.

ಲ್ಯಾಬಣ್ಣ ಎಂದರೆ ಲ್ಯಾಬಿನ ಅಟೆಂಡರು. ಗಾಜು ತೊಳೆದು, ಆಸಿಡ್ಡು ಅಳೆದು, ಮೇಜಿನ ಮೇಲೆ ಎಲ್ಲ ಜೋಡಿಸಿಡುವುದು ಅವರ ಕೆಲಸ. ಆದರೆ ಯಾರೂ ಹೇಳದಿದ್ದರೂ ಅವರು ಮಾಡುತ್ತಿದ್ದ ಇನ್ನೊಂದು ಕೆಲಸವಿತ್ತು. ಒಂಬತ್ತನೇ ತರಗತಿಯವರು ಬ್ಯೂರೆಟ್ಟಿನ ಉದ್ದ ಗಾಜಿನ ಕೊಳವೆಯಿಂದ ತೊಟ್ಟು ತೊಟ್ಟಾಗಿ ಕ್ಷಾರ ಬಿಟ್ಟು, ಕೆಳಗಿನ ಆಸಿಡ್ಡು ಯಾವ ತೊಟ್ಟಿಗೆ ತಿಳಿಗುಲಾಬಿಯಾಗುತ್ತದೆ ಎಂದು ನೋಡುವ ದಿನ, ಹತ್ತು ಮೇಜಿಗೆ ಬೇರೆ ಬೇರೆ ಸಾಂದ್ರತೆಯ ಹತ್ತು ಆಸಿಡ್ಡು ಇಡುತ್ತಿದ್ದರು. ಬಾಟಲಿಗಳು ನೋಡಲು ಒಂದೇ ಥರ. ಪಕ್ಕದ ಮೇಜಿನವನನ್ನು ನೋಡಿ ಬರೆದರೆ ಉತ್ತರ ತಪ್ಪು. ಸರಿ ಉತ್ತರ ಲ್ಯಾಬಣ್ಣನ ತಲೆಯಲ್ಲಿ ಮಾತ್ರ. “ನಿಮ್ಮ ಕಣ್ಣನ್ನ ನೀವೇ ನಂಬ್ಕೋಬೇಕು, ಬೇರೆ ದಾರಿ ಇಲ್ಲ” ಎಂದು ಮಕ್ಕಳಿಗೆ ಹೇಳುತ್ತಿದ್ದರು.

ಟಿವಿಗೆ ಬೇಕಾದದ್ದು ಎಲ್ಲರಿಗೂ ಒಂದೇ ಉತ್ತರ. ಹಾಗಾಗಿ ಲ್ಯಾಬಿನಲ್ಲಿ ಕಳೆದ ವಾರಕ್ಕೆರಡು ಪೀರಿಯಡ್ಡು ಅದರ ಯಾವ ಕಾಲಮ್ಮಿಗೂ ಸೇರುತ್ತಿರಲಿಲ್ಲ. ‘ಆ ಎರಡು ಪೀರಿಯಡ್ಡಿನ ಫಲವೇನು?’ ಎಂದು ಆಡಳಿತ ಸಮಿತಿಯಿಂದ ಎರಡು ಸಲ ಕಾಗದ ಬಂದಿತ್ತು. ಮೂರನೆಯದು ಬಂದರೆ ಲ್ಯಾಬು ಹೋಯಿತು ಎಂದು ಟೀಚರಿಗೆ ಗೊತ್ತಿತ್ತು.

ಅಷ್ಟರಲ್ಲಿ ತರಬೇತಿ ಬಂತು. ಎರಡು ದಿನ, ಲೈಬ್ರರಿ ಹಾಲಿನಲ್ಲಿ. ವಿಷಯ: ನಾಳೆಯನ್ನು ಯೋಚಿಸುವುದು. ಹೇಳಿಕೊಡಲು ಬಂದವರು ಚುರುಕಾದ ಹೆಣ್ಣುಮಗಳು. ಮೊದಲ ಟೀ ವಿರಾಮದೊಳಗೆ ಲೆಕ್ಕದ ಮೇಷ್ಟ್ರು ಅವರಿಗೆ ನಾಳೆಯಮ್ಮ ಎಂದು ಹೆಸರಿಟ್ಟಾಗಿತ್ತು.

“ನಮ್ಮ ಕೈಯಲ್ಲಿ ಏನೂ ಇಲ್ಲ ಅಂತ ನೀವೆಲ್ಲ ಅಂದ್ಕೊಂಡಿದ್ದೀರಿ” ಎಂದರು ನಾಳೆಯಮ್ಮ. “ನಂಬರ್ ಮೇಲಿಂದ ಬರುತ್ತೆ, ನಾವು ತಲೆ ಬಗ್ಗಿಸ್ತೀವಿ. ಅಲ್ವಾ? ನಾಳೆ ಅನ್ನೋದು ಯಾರೋ ಆಗ್ಲೇ ಬರೆದಿಟ್ಟಿರೋ ಕಾಗದ ಅಲ್ಲ. ನೀವೂ ಬರೀಬಹುದು.”

“ನಾಳೆ ಹಾಗಿರ್ಲಿ ಮೇಡಂ” ಎಂದರು ಲೆಕ್ಕದ ಮೇಷ್ಟ್ರು, “ಇವತ್ತು ನಾಲ್ಕನೇ ಪೀರಿಯಡ್ಡು ನಂದೋ ಅಲ್ವೋ ಅಂತ ಮೂರನೇ ಪೀರಿಯಡ್ಡು ಮುಗಿಯೋವರೆಗೂ ನಂಗೆ ಗೊತ್ತಿರಲ್ಲ.”

ಎಲ್ಲರೂ ನಕ್ಕರು, ನಾಳೆಯಮ್ಮ ಕೂಡ. ರಸಾಯನದ ಟೀಚರ್ ನಗಲಿಲ್ಲ. ಹದಿನೆಂಟು ವರ್ಷದಲ್ಲಿ ಈ ಶಾಲೆಯಲ್ಲಿ ‘ನಿಮಗೆ ಏನು ಬೇಕು’ ಎಂದು ಕೇಳಿದ ಮೊದಲ ವ್ಯಕ್ತಿ ಇವರು ಎಂದು ಅವರಿಗೆ ಅನ್ನಿಸಿತ್ತು. ಜೊತೆಗೆ ಕ್ರಮವೂ ಹಿಡಿಸಿತು. ಏಳು ವರ್ಷದ ಮುಂದಿನ ಒಂದು ದಿನವನ್ನು ಹಿಡಿಯುವುದು, ಅಲ್ಲಿಂದ ಇವತ್ತಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಇಳಿದು ಬರುವುದು, ಯಾವ ಮೆಟ್ಟಿಲಲ್ಲಿ ಯಾರು ಏನು ತೀರ್ಮಾನ ಮಾಡಿದರು ಎಂದು ಬರೆಯುವುದು. ಪ್ರಯೋಗದ ವರದಿಯಷ್ಟೇ ಅಚ್ಚುಕಟ್ಟು. ಪ್ರತಿಯೊಬ್ಬರೂ ಎರಡು ಬರಹ ಕೊಡಬೇಕು, ‘ಬೇಡದ ನಾಳೆ’ ಒಂದು, ‘ಬೇಕಾದ ನಾಳೆ’ ಇನ್ನೊಂದು. ಎರಡನ್ನೂ ಸಮಿತಿ ಓದುತ್ತದೆ.

“ಸುಮ್ನೆ ‘ಶಿಕ್ಷಣ ಹಾಳಾಗುತ್ತೆ’ ಅಂತ ಬರೆದ್ರೆ ಯಾರೂ ಹೆದರಲ್ಲ” ಎಂದು ನಾಳೆಯಮ್ಮ ಒತ್ತಿ ಹೇಳಿದರು. “ಯಾವ ದಿನ, ಯಾವ ರೂಮು, ಎಷ್ಟು ಜನ. ಕಣ್ಣಿಗೆ ಕಟ್ಟಬೇಕು.”

ಅದು ದಶಾಂಶ ಟೀಚರಿಗೆ ಹೇಳಬೇಕಾದ ಮಾತೇ ಅಲ್ಲ. ಸಮಿತಿಯವರ ಬೆನ್ನುಮೂಳೆಯಲ್ಲಿ ಚಳಿ ಹುಟ್ಟಿಸುತ್ತೇನೆ ಎಂದು ಅವರು ಅಲ್ಲೇ ನಿಶ್ಚಯಿಸಿದರು.

ಮಾರನೆಯ ದಿನ ಲ್ಯಾಬಿಗೆ ಹೋಗಿ, “ಅಣ್ಣ, ನಮ್ಮಲ್ಲಿ ಒಟ್ಟು ಏನೇನಿದೆ ಅಂತ ಒಂದು ಪಟ್ಟಿ ಬೇಕಿತ್ತು. ರೂಮಿನ ಅಳತೆ ಸಮೇತ” ಎಂದರು.

ಲ್ಯಾಬಣ್ಣ ಏಕೆಂದು ಕೇಳಲಿಲ್ಲ. ಹೊಸ ಸಾಮಾನು ಬರುವ ಮೊದಲು ಹಳೆಯದರ ಪಟ್ಟಿ ಕೇಳುವುದು ವಾಡಿಕೆ. ಮೂರು ದಿನ ಸಂಜೆ ನಿಂತು, ಸ್ಟೂಲು ಹತ್ತಿ, ಕಪಾಟುಗಳ ಹಿಂದಿನ ದೂಳು ತಲೆ ಮೇಲೆ ಸುರಿದುಕೊಂಡು ಎಣಿಸಿದರು. ಬ್ಯೂರೆಟ್ಟು ನಲವತ್ತೊಂದು, ಅದರಲ್ಲಿ ಆರರ ತಿರುಪು ಸೋರುತ್ತದೆ. ಗ್ಯಾಸಿನ ನಳ ಇಪ್ಪತ್ತು. ರೂಮು ಹನ್ನೊಂದು ಪಾಯಿಂಟ್ ಆರು ಮೀಟರಿಗೆ ಏಳು ಪಾಯಿಂಟ್ ನಾಲ್ಕು.

“ಸೋರೋದು ಆರೂ ಬದಲಾಯಿಸಿದ್ರೆ ಸಾಕು ಮೇಡಂ. ಜಾಸ್ತಿ ಆಸೆ ಬೇಡ” ಎಂದು ಪಟ್ಟಿ ಕೊಟ್ಟರು.

ಟೀಚರ್ ಆ ಮಾತಿಗೆ ಹೂಂ ಅಂದರು. ಆಗಲೇ ವಿಷಯ ಹೇಳಬಹುದಿತ್ತು. ಬರಹ ಮುಗಿದ ಮೇಲೆ ಹೇಳೋಣ, ಲ್ಯಾಬು ಉಳಿದ ಮೇಲೆ ಹೇಳಿದರೆ ಇನ್ನೂ ಚೆನ್ನ ಎಂದುಕೊಂಡರು.

ಭಾನುವಾರ ಮಧ್ಯಾಹ್ನ ಊಟದ ಮೇಜನ್ನು ಒರೆಸಿ ಬರೆಯಲು ಕೂತವರು ಸಂಜೆ ದೀಪ ಹಾಕುವವರೆಗೆ ಏಳಲಿಲ್ಲ. ಏಳು ವರ್ಷದ ನಂತರ ಒಂದು ಮಂಗಳವಾರ, ಮೂರನೇ ಪೀರಿಯಡ್ಡು. ಲ್ಯಾಬಿದ್ದ ಜಾಗದಲ್ಲಿ ನಲವತ್ತೆಂಟು ಕಂಪ್ಯೂಟರು, ಸಾಲಿಗೆ ಎಂಟರಂತೆ ಆರು ಸಾಲು. ಗ್ಯಾಸಿನ ನಳಗಳಿಗೆ ಬಿರಡೆ. ಮಕ್ಕಳು ಪ್ರಯೋಗವನ್ನು ಪರದೆಯ ಮೇಲೆ ನಾಲ್ಕು ನಿಮಿಷ ನೋಡಿ ಹತ್ತು ಪ್ರಶ್ನೆಗೆ ಗುಂಡಿ ಒತ್ತುತ್ತಾರೆ. ಯಾರ ಕೈಗೂ ಏನೂ ಅಂಟುವುದಿಲ್ಲ. ಇದಾಗಿದ್ದು ಹೇಗೆ? ಲ್ಯಾಬಿನ ಎರಡು ಪೀರಿಯಡ್ಡನ್ನು ಪರೀಕ್ಷೆಯ ಅಭ್ಯಾಸಕ್ಕೆ ಕೊಟ್ಟರು. ಹಿಂದಿನ ಮೂರು ವರ್ಷದ ಅಂಕಗಳನ್ನು ಕೂಡಿಸಿ ಕಳೆದು ನೋಡಿದರೆ ಒಂದೊಂದು ಅಭ್ಯಾಸದ ಪೀರಿಯಡ್ಡಿಗೆ ಸರಾಸರಿ ಏರಿದ್ದು 2.1. ಎರಡಕ್ಕೆ 4.2. ಎಪ್ಪತ್ತೊಂದಕ್ಕೆ ಇದನ್ನು ಸೇರಿಸಿದರೆ 75.2, ಹಸಿರು. ಅಟೆಂಡರಿಗೆ ನಿವೃತ್ತಿಗೆ ಇನ್ನೂ ಎರಡು ವರ್ಷ ಹನ್ನೊಂದು ತಿಂಗಳು ಇದ್ದುದರಿಂದ ಅಲ್ಲಿಯವರೆಗೆ ಅವರನ್ನು ಗೇಟಿನ ಹಾಜರಿ ರಿಜಿಸ್ಟರು ನೋಡಿಕೊಳ್ಳಲು ಹಾಕಿದರು. ಆಮೇಲೆ ಆ ಹುದ್ದೆಯನ್ನು ತುಂಬಲಿಲ್ಲ. ಇದನ್ನು ಬರೆಯುವಾಗ ಟೀಚರಿಗೆ ಕಣ್ಣು ಒದ್ದೆಯಾಯಿತು. ಒದ್ದೆಯಾದದ್ದೇ ಬರಹ ಚೆನ್ನಾಗಿ ಬಂದಿದೆ ಎಂಬುದರ ಗುರುತು ಎಂದು ತಿಳಿದು, ಲ್ಯಾಬಣ್ಣನ ಹುಟ್ಟಿದ ತಾರೀಖನ್ನೂ ಸೇರಿಸಿದರು. ಮನುಷ್ಯ ನಿಜ ಎಂದು ಓದುವವರಿಗೆ ಅನ್ನಿಸಬೇಕಲ್ಲ.

ಗಂಡ ನೀರು ಸರಬರಾಜು ಆಫೀಸಿನಲ್ಲಿ ಪೈಪುಗಳ ಎಸ್ಟಿಮೇಟು ಬರೆಯುವವರು. ಕನ್ನಡಕ ಮೇಲೇರಿಸಿ ನಾಲ್ಕು ಹಾಳೆಯನ್ನೂ ಓದಿದರು.

“ಹೇಗಿದೆ ರೀ? ಹೆದರಿಕೆ ಆಗುತ್ತಾ?”

“ಚೆನ್ನಾಗಿದೆ ಕಣೇ” ಎಂದರು ಅವರು. “ಇಷ್ಟು ಅಚ್ಚುಕಟ್ಟಾಗಿ ಎಸ್ಟಿಮೇಟು ನಮ್ಮಾಫೀಸಲ್ಲಿ ಯಾರೂ ಬರೆಯಲ್ಲ. ನಾಳೆ ಬೆಳಿಗ್ಗೆ ಕೆಲಸ ಶುರು ಮಾಡ್ಬಹುದು.”

“ನಿಮಗೆ ಎಲ್ಲಾದ್ರಲ್ಲೂ ಪೈಪೇ ಕಾಣುತ್ತೆ” ಎಂದು ಟೀಚರ್ ಹಾಳೆ ಕಿತ್ತುಕೊಂಡರು.

ಬೇಕಾದ ನಾಳೆಯನ್ನು ಸೋಮವಾರ ಬೆಳಿಗ್ಗೆ ಪ್ರಾರ್ಥನೆಯ ಗಂಟೆಗೆ ಹದಿನೈದು ನಿಮಿಷ ಮೊದಲು ಬರೆದರು. ಅದಕ್ಕೇನು, ಬೇಕಾದದ್ದು ಎಲ್ಲರಿಗೂ ಗೊತ್ತಿರುವುದೇ. ಅರ್ಧ ಪುಟ.

ಮೂರು ವಾರದ ಮೇಲೆ ಪ್ರಿನ್ಸಿಪಾಲರು ಕರೆಸಿದರು. ಮೇಜಿನ ಮೇಲೆ ನಾಲ್ಕು ಹಾಳೆಗಳಿದ್ದವು, ಮೇಲಿನ ಮೂಲೆಯಲ್ಲಿ ಸಮಿತಿಯ ಮುದ್ರೆ.

“ಅಭಿನಂದನೆ. ಮೂವತ್ತಾರು ಜನರಲ್ಲಿ ನಿಮ್ಮದೇ ಮೊದಲು. ಸ್ಪಷ್ಟತೆಗೆ ಹತ್ತಕ್ಕೆ ಹತ್ತು, ಕಾರ್ಯಸಾಧ್ಯತೆಗೆ ಹತ್ತಕ್ಕೆ ಹತ್ತು.”

“ಕಾರ್ಯಸಾಧ್ಯತೆ?” ಟೀಚರ್ ಮೊದಲ ಹಾಳೆಯ ಮೇಲ್ತುದಿಗೆ ಬೆರಳಿಟ್ಟರು. “ಸರ್, ಅದು ಬೇಡದ್ದು. ಮೇಲೆ ಬರ್ದಿದ್ದೀನಿ ನೋಡಿ, ಬೇಡದ ನಾಳೆ ಅಂತ.”

“ಗೊತ್ತಮ್ಮ. ಓದೋಕೆ ಬರಲ್ವೇ ಅವರಿಗೆ? ಎರಡನ್ನೂ ಓದಿದ್ದಾರೆ. ಬೇಕಾದ್ದರಲ್ಲಿ ಮಾಡೋಕೆ ಏನೂ ಇರಲಿಲ್ಲವಂತೆ.” ಅವರು ದನಿ ತಗ್ಗಿಸಿದರು. ಕೆಟ್ಟ ಮನುಷ್ಯರಲ್ಲ. ಅವರ ಹೆಸರೂ ಎಲ್ಲೋ ಒಂದು ಟಿವಿಯಲ್ಲಿತ್ತು, ಹಳದಿಯಲ್ಲಿ. “ನೀವು ಏಳು ವರ್ಷ ಅಂತ ಹಾಕಿದ್ದೀರಿ. ಇಷ್ಟು ಸಲೀಸಾಗಿದ್ರೆ ಏಳು ವಾರ ಸಾಕು ಅಂದ್ರು.”

“ಸರ್, ಇದನ್ನ ನಿಲ್ಲಿಸ್ಬೇಕು. ನಾನು ಹೆದರ್ಸೋಕೆ ಬರ್ದಿದ್ದು.”

“ಯಾವ ಸಾಲು ತಪ್ಪು ಹೇಳಿ. ಇಲ್ಲೇ ಹೊಡೆದು ಹಾಕ್ತೀನಿ. ಸಮಿತಿಗೆ ನಾನು ಹೇಳ್ಕೋತೀನಿ.” ಕೆಂಪು ಪೆನ್ನನ್ನು ಅವರೇ ಮುಂದೆ ಚಾಚಿದರು.

ಟೀಚರ್ ಪೆನ್ನು ತೆಗೆದುಕೊಂಡರು. ಮಕ್ಕಳ ಉತ್ತರಪತ್ರಿಕೆ ತಿದ್ದುವ ಹಾಗೆ ಮೊದಲ ಸಾಲಿನಿಂದ ಓದತೊಡಗಿದರು. ರೂಮಿನ ಅಳತೆ ಸರಿ. ಆರು ಸಾಲು, ಸಾಲಿಗೆ ಎಂಟು ಕಂಪ್ಯೂಟರು, ಮಧ್ಯೆ ಓಡಾಡುವ ಜಾಗ, ಎಲ್ಲ ಸರಿ. ಎರಡು ಪಾಯಿಂಟ್ ಒಂದು ಸರಿ. ಅದನ್ನು ಎರಡು ರೀತಿಯಲ್ಲಿ ಲೆಕ್ಕ ಮಾಡಿ ತಾಳೆ ನೋಡಿದ್ದರು. ಹುಟ್ಟಿದ ತಾರೀಖು ಸರಿ. ಸುಳ್ಳು ಹೇಳಿ ‘ಇದು ತಪ್ಪು’ ಎಂದು ಒಂದು ಅಂಕೆಗೆ ಸುತ್ತು ಹಾಕಬಹುದಿತ್ತು. ಪೆನ್ನಿನ ತುದಿ 2.1ರ ಮೇಲೆ ಬಹಳ ಹೊತ್ತು ನಿಂತಿತು. ಹದಿನೆಂಟು ವರ್ಷ ಮಕ್ಕಳಿಗೆ ‘ಕಂಡದ್ದನ್ನು ಬರಿ, ಬೇಕಾದ್ದನ್ನು ಬರೀಬೇಡ’ ಎಂದು ಹೇಳಿಕೊಟ್ಟ ಕೈ ಅದು, ಕೆಳಗಿಳಿಯಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ ವಾಪಸು ಇಟ್ಟರು.

ಸ್ಟಾಫ್ ರೂಮಿಗೆ ಸುದ್ದಿ ಅವರಿಗಿಂತ ಮೊದಲೇ ಮುಟ್ಟಿತ್ತು.

“ಗುಮ್ಮನನ್ನ ತೋರಿಸಿ ಹೆದರಿಸೋಣ ಅಂತ ಹೋದ್ರಿ” ಎಂದರು ಲೆಕ್ಕದ ಮೇಷ್ಟ್ರು. “ಅವರು ಗುಮ್ಮನನ್ನೇ ಕೆಲಸಕ್ಕೆ ತಗೊಂಡ್ರು.”

“ನೀವೇನು ಬರೆದಿದ್ರಿ?” ಎಂದು ಟೀಚರ್ ಕೇಳಿದರು.

“ನಾನಾ? ಎರಡೂ ಹಾಳೆ ಖಾಲಿ ಕೊಟ್ಟೆ. ಮೂವತ್ತಾರನೇ ಸ್ಥಾನ. ಕೊನೆಯವನಾಗಿದ್ದಕ್ಕೆ ಇಷ್ಟು ನಿದ್ದೆ ಬರುತ್ತೆ ಅಂತ ಗೊತ್ತಿರಲಿಲ್ಲ ನೋಡಿ.”

ಈ ಸಲ ಮೇಷ್ಟ್ರೂ ನಗಲಿಲ್ಲ.

ಲ್ಯಾಬಿನಲ್ಲಿ ಲ್ಯಾಬಣ್ಣ ಬ್ಯೂರೆಟ್ಟುಗಳನ್ನು ಒಂದೊಂದಾಗಿ ಹಳೇ ಪೇಪರಿನಲ್ಲಿ ಸುತ್ತಿ ಪೆಟ್ಟಿಗೆಗೆ ಇಳಿಸುತ್ತಿದ್ದರು. ಸೋರುವ ಆರನ್ನು ಬೇರೆ ಇಟ್ಟು ಮೇಲೆ ಚೀಟಿ ಅಂಟಿಸಿದ್ದರು. ಬಾಗಿಲಲ್ಲಿ ನಿಂತ ಟೀಚರನ್ನು ನೋಡಿ ಸ್ಟೂಲು ಒರೆಸಿ ಕೊಟ್ಟರು.

“ಆಫೀಸಲ್ಲಿ ಓದಿ ಹೇಳಿದ್ರು. ನೀವೇ ಬರೆದದ್ದಂತೆ.”

“ಹೌದು ಅಣ್ಣ.”

“ನಾನೂ ಅಂದ್ಕೊಂಡೆ. ಗ್ಯಾಸ್ ನಳ ಇಪ್ಪತ್ತು ಅಂತ ನಮ್ಮಿಬ್ಬರನ್ನ ಬಿಟ್ಟು ಯಾರಿಗೆ ಗೊತ್ತು?”

“ಹೀಗೆ ಆಗಬಾರದು ಅಂತ ಬರೆದದ್ದು ಅಣ್ಣ. ಬೇಕಾದ್ದು ಅಂತ ಇನ್ನೊಂದು ಬರೆದಿದ್ದೆ.”

“ಅದನ್ನ ಓದಿ ನೋಡೋಣ.”

ಟೀಚರ್ ಮೊಬೈಲಿನಲ್ಲಿ ಆ ಅರ್ಧ ಪುಟದ ಫೋಟೋ ತೆರೆದರು. ಓದಲು ಒಂದು ನಿಮಿಷವೂ ಬೇಕಾಗಲಿಲ್ಲ. ಮಕ್ಕಳು ಕುತೂಹಲದಿಂದ ಕಲಿಯುತ್ತಾರೆ. ಅಂಕಗಳ ಭಯವಿಲ್ಲ. ಪ್ರತಿಯೊಂದು ಮಗುವಿನ ಪ್ರಶ್ನೆಗೂ ಬೆಲೆಯಿದೆ. ಶಿಕ್ಷಕರು ಸ್ವತಂತ್ರರು, ಸಂತೋಷವಾಗಿದ್ದಾರೆ. ಪ್ರಯೋಗಗಳ ಮೂಲಕ ವಿಜ್ಞಾನ ಜೀವಂತವಾಗಿದೆ. ತಮ್ಮ ದನಿ ತಮಗೇ ಶುಭಾಶಯ ಪತ್ರ ಓದಿದಂತೆ ಕೇಳಿಸಿತು.

ಲ್ಯಾಬಣ್ಣ ಒಂದು ಬ್ಯೂರೆಟ್ಟನ್ನು ಬೆಳಕಿಗೆ ಹಿಡಿದು, ಒಳಗೆ ನೀರು ಉಳಿದಿಲ್ಲ ಎಂದು ಖಾತರಿ ಮಾಡಿಕೊಂಡು ಸುತ್ತಿದರು.

“ಇದರಲ್ಲಿ ನಾನೆಲ್ಲಿದ್ದೀನಿ ಮೇಡಂ?”

“ಪ್ರಯೋಗ ಅಂದಮೇಲೆ... ನೀವು ಇದ್ದೇ ಇರ್ತೀರಲ್ಲ ಅಣ್ಣ.”

“ಆ ಇನ್ನೊಂದರಲ್ಲಿ ನಾನು ಹುಟ್ಟಿದ ತಾರೀಖು ಸಹ ಇದೆ” ಎಂದರು ಲ್ಯಾಬಣ್ಣ. ಕೋಪವಿರಲಿಲ್ಲ, ಗಾಜು ಎಣಿಸುವಾಗ ಇರುತ್ತಿದ್ದ ದನಿಯೇ. “ಹೋಗಲಿ ಬಿಡಿ. ಈ ಪೆಟ್ಟಿಗೆ ಸ್ವಲ್ಪ ಹಿಡ್ಕೊಳ್ಳಿ.”

ಟೀಚರ್ ಪೆಟ್ಟಿಗೆ ಹಿಡಿದುಕೊಂಡರು.

ಆದರೂ ಅವರು ಕೈಕಟ್ಟಿ ಕೂರಲಿಲ್ಲ. ಲ್ಯಾಬಿನ ರೂಮಿಗೆ ವೈರಿಂಗಿನವರು ಬಂದ ವಾರವೇ ಬೇಕಾದ ನಾಳೆಯನ್ನು ಮೊದಲಿಂದ ಬರೆಯಲು ಕೂತರು. ಈ ಸಲ ಶುಭಾಶಯವಲ್ಲ. ಯಾವ ತರಗತಿ, ಯಾವ ಪೀರಿಯಡ್ಡು, ಯಾವ ಪ್ರಯೋಗ; ಹಳೆಯ ವಿದ್ಯಾರ್ಥಿಗಳಲ್ಲಿ ಲ್ಯಾಬಿನಿಂದಲೇ ದಾರಿ ಕಂಡುಕೊಂಡವರು ಎಷ್ಟು; ಕೈಯಿಂದ ಮಾಡಿದ ಪಾಠ ವರ್ಷದ ಮೇಲೂ ಎಷ್ಟು ನೆನಪಿರುತ್ತದೆ ಎಂದು ತಾವೇ ಹತ್ತನೇ ತರಗತಿಯವರನ್ನು ಕೇಳಿ ತೆಗೆದ ಲೆಕ್ಕ. ಹನ್ನೊಂದು ಹಾಳೆಯಾಯಿತು. ಒಂದು ಭಾಗ ಮಾತ್ರ ಅವರಿಂದ ಬರೆಯಲಾಗಲಿಲ್ಲ. ಹತ್ತು ಮೇಜಿನ ಹತ್ತು ಆಸಿಡ್ಡುಗಳನ್ನು ಲ್ಯಾಬಣ್ಣ ಬೆಳಿಗ್ಗೆ ಮುಕ್ಕಾಲು ಗಂಟೆಯಲ್ಲಿ ಒಬ್ಬರೇ ಹೇಗೆ ಸಿದ್ಧ ಮಾಡುತ್ತಿದ್ದರು, ಯಾವ ಮೇಜಿಗೆ ಯಾವುದು ಎಂದು ಹೇಗೆ ಆರಿಸುತ್ತಿದ್ದರು ಎಂಬುದು. ಹದಿನೆಂಟು ವರ್ಷದಲ್ಲಿ ಟೀಚರ್ ಅದನ್ನು ಕೇಳಿರಲೇ ಇಲ್ಲ.

ಬೆಳಿಗ್ಗೆ ಗೇಟಿನ ಬಳಿ ನಿಂತು ಕೇಳಿದರು. ಲ್ಯಾಬಣ್ಣನ ಮುಂದೆ ಈಗ ಸಣ್ಣ ಮೇಜು, ರಿಜಿಸ್ಟರು, ಗೋಡೆಯ ಮೇಲೆ ಗಡಿಯಾರ.

“ಮೊದಲನೇ ಸಲ ಪಟ್ಟಿ ಕೇಳಿದಾಗ ಯಾಕೆ ಅಂತ ಕೇಳಲಿಲ್ಲ ನಾನು” ಎಂದರು ಲ್ಯಾಬಣ್ಣ. “ಈಗ ಕೇಳ್ತೀನಿ. ಯಾಕೆ ಮೇಡಂ?”

“ಲ್ಯಾಬು ವಾಪಸು ಬರಬೇಕು ಅಂತ ಬರೀತಿದ್ದೀನಿ. ಈ ಸಲ ನಿಮ್ಮ ಕೆಲಸ ಪೂರ್ತಿ ಬರೀಬೇಕು. ಒಂದೊಂದು ಹೆಜ್ಜೆನೂ.”

ಲ್ಯಾಬಣ್ಣ ಗಡಿಯಾರ ನೋಡಿದರು. “ಒಂದೊಂದು ಹೆಜ್ಜೆನೂ ಬರೆದುಕೊಟ್ಟ ಮೇಲೆ ಅದನ್ನ ಮಾಡೋಕೆ ನಾನು ಯಾಕೆ ಬೇಕು?” ಎಂದರು. “ಬೇಡ ಮೇಡಂ. ಅದೊಂದು ನನ್ನ ಹತ್ರಾನೇ ಇರಲಿ.”

ಟೀಚರ್ ಪೆನ್ನು ತೆಗೆದರು. ರಿಜಿಸ್ಟರಿಗೆ ಸಹಿ ಹಾಕಿದರು. ಲ್ಯಾಬಣ್ಣ ಎದುರಿಗೆ ಸಮಯ ಬರೆದರು: ಎಂಟು ನಲವತ್ತೆಂಟು. ಬರಬೇಕಾದದ್ದು ಎಂಟು ನಲವತ್ತೈದಕ್ಕೆ.

“ಅಣ್ಣ, ನಿಮ್ಮ ಹತ್ರಾನೇ ಮಾತಾಡ್ತಾ ನಿಂತಿದ್ದೆನಲ್ಲ.”

“ಹೌದು ಮೇಡಂ. ಗಡಿಯಾರಕ್ಕೆ ಅದು ಗೊತ್ತಾಗಲ್ಲ.”

ಆ ಮೂರು ನಿಮಿಷ ಸೋಮವಾರ ಟಿವಿಯಲ್ಲಿ ಬಂತು. ಗೇಟಿನ ರಿಜಿಸ್ಟರು ಟಿವಿಗೆ ಸೇರುತ್ತದೆ ಎಂಬುದು ಟೀಚರ್ ಬರೆದ ನಾಲ್ಕು ಹಾಳೆಯಲ್ಲಿ ಇರಲಿಲ್ಲ. ಅದು ಸಮಿತಿಯ ಸ್ವಂತ ಸೇರ್ಪಡೆ.

ಹನ್ನೊಂದು ಹಾಳೆಯನ್ನು ಹಾಗೇ, ನಡುವಿನ ಭಾಗ ಖಾಲಿ ಬಿಟ್ಟು ಕೊಟ್ಟರು. ಪ್ರಿನ್ಸಿಪಾಲರು ನಿಂತೇ ಪುಟ ತಿರುಗಿಸಿ, “ತುಂಬ ಚೆನ್ನಾಗಿದೆ. ಆದರೆ ಈ ಸುತ್ತು ಮುಗೀತಲ್ಲ. ಮುಂದಿನ ವರ್ಷ ತರಬೇತಿ ಆದಾಗ ನೆನಪಿಸಿ” ಎಂದು ಟ್ರೇಯಲ್ಲಿ ಇಟ್ಟರು. ಟ್ರೇಯಲ್ಲಿ ಆಗಲೇ ಸಾಕಷ್ಟು ಕಾಗದವಿತ್ತು. ಏಳನೇ ವಾರ ನಲವತ್ತೆಂಟು ಕಂಪ್ಯೂಟರು ಬಂದವು. ಎರಡು ತಿಂಗಳಲ್ಲಿ ಟೀಚರ್ ಹಸಿರಾದರು. ಅವರ ಅಂದಾಜು 75.2, ಬಂದದ್ದು 75.3. ತಪ್ಪಿದ್ದು ಪಾಯಿಂಟಿನ ಹತ್ತನೇ ಒಂದು ಭಾಗ.

ವರ್ಷದ ಕೊನೆಯಲ್ಲಿ ನಾಳೆಯಮ್ಮನ ಕಡೆಯಿಂದ ಎಲ್ಲರ ಮೊಬೈಲಿಗೂ ಒಂದು ಪ್ರಶ್ನಾವಳಿ ಬಂತು. ತರಬೇತಿಯ ಪ್ರಯೋಜನ ಎಷ್ಟಾಯಿತು ಎಂದು ಅಳೆಯಬೇಕಂತೆ. ಕಂಪ್ಯೂಟರುಗಳ ಹಿಂದೆ ನಲವತ್ತಾರು ತಲೆಗಳು ಬಗ್ಗಿದ್ದ ಹೊತ್ತಿನಲ್ಲಿ, ಅವಕ್ಕೆ ಹೇಳಿಕೊಡುವ ಕೆಲಸ ಏನೂ ಇಲ್ಲದ್ದರಿಂದ, ಟೀಚರ್ ಅದನ್ನು ತೆರೆದರು. ಮೊದಲ ಪ್ರಶ್ನೆ: ‘ನನ್ನ ಶಾಲೆಯ ನಾಳೆಯನ್ನು ರೂಪಿಸುವ ಶಕ್ತಿ ನನಗಿದೆ.’ ಒಂದು ಎಂದರೆ ಸ್ವಲ್ಪವೂ ಇಲ್ಲ, ಐದು ಎಂದರೆ ಸಂಪೂರ್ಣವಾಗಿ ಇದೆ.

ಅವರು ಒಂದನ್ನು ಒತ್ತಲು ಹೋಗಿ ನಿಂತರು. ಸಿಟ್ಟಿನಿಂದ ಉತ್ತರಿಸುವುದು ಅವರ ಜಾಯಮಾನವಲ್ಲ. ಕಂಡದ್ದನ್ನು ನೋಡಬೇಕು. ಬರೆದದ್ದೇನು, ಆದದ್ದೇನು, ಎರಡರ ನಡುವಿನ ಅಂತರವೆಷ್ಟು? ತಲೆಯೆತ್ತಿ ರೂಮು ನೋಡಿದರು. ಸಾಲಿಗೆ ಎಂಟು, ಆರು ಸಾಲು. ನಳಗಳಿಗೆ ಬಿರಡೆ. ಐದನ್ನು ಒತ್ತಿದರು.

ಕೆಳಗೆ ‘ಒಂದು ಉದಾಹರಣೆ ಕೊಡಿ’ ಎಂದಿತ್ತು. ಪ್ರಶ್ನೆಯನ್ನು ಖಾಲಿ ಬಿಡುವವರಲ್ಲ ಅವರು. ‘ಲ್ಯಾಬು’ ಎಂದು ಬರೆದು ಕಳಿಸಿದರು.